ಕೊಮೊಡೊ ದ್ವೀಪದ ಉಡ: ಕೆಲವು ಕ್ಷೇತ್ರಾಧ್ಯಯನ ಗ್ರಂಥಗಳ ವಿಮರ್ಶೆ

ಉಡವು ಕನ್ನಡಿಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಪ್ರಾಣಿಯಲ್ಲ. ಹೊಲದ ಬದುವಿನ ಬಿಲದಲ್ಲಿಯೋ ಪಾಳುಗೋಡೆಯ ಸಂದಿನಲ್ಲಿಯೋ ಅದನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿಡಿದುದನ್ನು ಬಿಡದ ಹಟಕ್ಕೆ 'ಉಡದ ಪಟ್ಟು' ಎಂಬ ನುಡಿ ಜನರ ಬಾಯಲ್ಲಿ ಇಂದಿಗೂ ಉಂಟು. ಆ ನಮ್ಮ ಉಡದ ಕುಲಕ್ಕೇ, ಎಂದರೆ ಪ್ರಾಣಿಶಾಸ್ತ್ರಜ್ಞರು 'ವರಾನಸ್' ಎಂದು ಕರೆಯುವ ಕುಲಕ್ಕೇ, ಸೇರಿದ ಅತಿ ದೊಡ್ಡ ಪ್ರಾಣಿಯು ಇಂಡೊನೇಶಿಯದ ಸಣ್ಣ ಸುಂದಾ ದ್ವೀಪಗಳಲ್ಲಿ ವಾಸಿಸುತ್ತದೆ. ಸುಂಬಾವಾ ಮತ್ತು ಫ್ಲೋರೆಸ್ ಎಂಬ ಎರಡು ದೊಡ್ಡ ದ್ವೀಪಗಳ ನಡುವಣ ಕೊಮೊಡೊ, ರಿಂಚಾ, ಗಿಲಿ ಮೋತಾಂಗ್, ನೂಸಾ ಕೋಡೆ ಎಂಬ ದ್ವೀಪಗಳು, ಫ್ಲೋರೆಸ್ಸಿನ ಪಶ್ಚಿಮ ಮತ್ತು ಉತ್ತರ ಕರಾವಳಿಯ ಕೆಲವು ಭಾಗಗಳು, ಇಷ್ಟೇ ಅದರ ನೆಲೆ. ಬೆಳೆದ ಗಂಡು ೩ ಮೀಟರಿನ ಸಮೀಪಕ್ಕೆ ಬರುತ್ತದೆ. ೭೦ ಕಿಲೋಗ್ರಾಂ ತೂಗುವುದು ಅಪರೂಪವಲ್ಲ. ಜಿಂಕೆಯನ್ನೂ ಕಾಡುಹಂದಿಯನ್ನೂ ಕೊಲ್ಲುವುದಲ್ಲದೆ, ಎಮ್ಮೆಯನ್ನು ಕೂಡ ಕೆಡಹುವ ಶಕ್ತಿ ಅದಕ್ಕುಂಟು.

ಈ ಪ್ರಾಣಿಯನ್ನು ಕುರಿತು ಒಂದು ಶತಮಾನಕ್ಕೂ ಮಿಕ್ಕಿದ ಕಾಲದಲ್ಲಿ ಹುಟ್ಟಿರುವ ಬರಹವು ವಿಪುಲವಾದುದು. ಅದನ್ನೆಲ್ಲ ಇಲ್ಲಿ ಪರಾಮರ್ಶಿಸುವ ಉದ್ದೇಶವಿಲ್ಲ. ಡಬ್ಲ್ಯು. ಡಗ್ಲಸ್ ಬರ್ಡನ್ ಅವರು ೧೯೨೭ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥ, ವಾಲ್ಟರ್ ಆಫೆನ್‌ಬರ್ಗ್ ಅವರ ೧೯೮೧ರ ಪ್ರೌಢ ಗ್ರಂಥ, ಮತ್ತು ಈ ಶತಮಾನದ ಆರಂಭದಿಂದ ಟಿಮ್ ಜೆಸಪ್, ಕ್ಲಾಡಿಯೊ ಚೋಫಿ, ದೇನಿ ಪುರ್ವಂದನ, ಅಹ್ಮದ್ ಅರಿಫಿಯಾಂದಿ ಮೊದಲಾದವರು ಬರೆಯುತ್ತಾ ಬಂದಿರುವ ಸಂಶೋಧನ ಲೇಖನಗಳು—ಇವನ್ನು ಮಾತ್ರ ಆರಿಸಿಕೊಂಡಿದ್ದೇವೆ. ದ್ವೀಪವೊಂದರಲ್ಲಿ ಎಷ್ಟು ಕಾಲ ನಿಂತರೆ ಏನು ಕಾಣಿಸುತ್ತದೆ, ಎಷ್ಟು ಕಾಲ ನಿಂತರೂ ಯಾವುದು ಕಾಣಿಸದೆ ಹೋಗುತ್ತದೆ ಎಂಬುದು ನಮ್ಮ ಪ್ರಶ್ನೆ. ಪ್ರಾಣಿಯ ರಕ್ಷಣೆಯ ಹೆಸರಿನಲ್ಲಿ ಕೈಗೊಳ್ಳುವ ಕಾರ್ಯಗಳೆಲ್ಲ ಕೊನೆಗೆ ಇಂಥ ಗ್ರಂಥಗಳನ್ನೇ ಆಧಾರವಾಗಿ ಹಿಡಿಯುವುದರಿಂದ ಈ ಪ್ರಶ್ನೆಯು ಕೇವಲ ಸಾಹಿತ್ಯಕ್ಕೆ ಸಂಬಂಧಿಸಿದ್ದಲ್ಲ.

ಮೊದಲು ಹೆಸರಿನ ವಿಚಾರವನ್ನು ಹೇಳಬೇಕು. ಈ ಪ್ರಾಣಿಯ ಮೊದಲ ಶಾಸ್ತ್ರೀಯ ವರ್ಣನೆಯು ೧೯೧೨ರಲ್ಲಿ ಜಾವಾದ ಬೊಯಿಟೆನ್‌ಜಾರ್ಗ್ ಸಸ್ಯೋದ್ಯಾನದ ಪತ್ರಿಕೆಯಲ್ಲಿ ಬಂದಿತು. ಇಂದು ಆ ಊರಿಗೆ ಬೋಗೋರ್ ಎಂದು ಹೆಸರು. ಬರೆದವರು ಅಲ್ಲಿಯ ಪ್ರಾಣಿ ಸಂಗ್ರಹಾಲಯದ ಪೀಟರ್ ಔವೆನ್ಸ್. ಇಂದಿನ ಈ ಸಂಚಿಕೆಯಂಥದೇ ಒಂದು ಸಂಸ್ಥೆಯ ಪತ್ರಿಕೆಯ ಮೂಲೆಯಲ್ಲಿ ಇಷ್ಟು ದೊಡ್ಡ ಪ್ರಾಣಿಯು ಲೋಕಕ್ಕೆ ಪ್ರಕಟವಾಯಿತೆಂಬುದು ನಮ್ಮಂಥವರಿಗೆ ಸ್ವಲ್ಪ ಸಮಾಧಾನ ತರುವ ಸಂಗತಿ. ಔವೆನ್ಸ್ ಅವರು ದ್ವೀಪವನ್ನು ಕಂಡವರಲ್ಲ. ಡಚ್ ಅಧಿಕಾರಿಯಾಗಿದ್ದ ವಾನ್ ಸ್ಟೇನ್ ವಾನ್ ಹೆನ್ಸ್‌ಬ್ರೂಕ್ ಎಂಬುವರು ಒಂದನ್ನು ಗುಂಡಿಟ್ಟು ಕೊಂದು, ಅದರ ಚರ್ಮವನ್ನೂ ಛಾಯಾಚಿತ್ರವನ್ನೂ ಕಳುಹಿಸಿದ್ದರು. 'ನೆಲದ ಮೊಸಳೆ' ಎಂದು ಸುತ್ತಲಿನವರು ಹೇಳುತ್ತಿದ್ದುದನ್ನು ಔವೆನ್ಸ್ ಒಪ್ಪದೆ, ಇದು ವರಾನಸ್ ಕುಲದ ದೊಡ್ಡ ಜಾತಿ ಎಂದು ನಿರ್ಣಯಿಸಿದರು. ಆ ನಿರ್ಣಯ ಇಂದಿಗೂ ನಿಂತಿದೆ. ಮೂರೇ ವರ್ಷಗಳಲ್ಲಿ, ೧೯೧೫ರಲ್ಲಿ, ಬೀಮಾದ ಸುಲ್ತಾನರು ಇದರ ಬೇಟೆಯನ್ನು ನಿಷೇಧಿಸಿದರು. ಸಂರಕ್ಷಣೆಯೆಂಬ ಭಾವನೆಯೇ ಪಶ್ಚಿಮದಿಂದ ಬಂದುದೆಂದು ಭಾವಿಸುವವರು ಈ ವರ್ಷವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಔವೆನ್ಸ್ ಅವರು ಉಡವೆಂದು ಕರೆದುದನ್ನು 'ಡ್ರ್ಯಾಗನ್' ಎಂದು ಕರೆದು ಜಗತ್ತಿಗೆಲ್ಲ ಹಬ್ಬಿಸಿದ ಕೀರ್ತಿ ಬರ್ಡನ್ ಅವರದು. ೧೯೨೬ರಲ್ಲಿ ಅವರು ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿ ಇತಿಹಾಸ ಸಂಗ್ರಹಾಲಯದ ಪರವಾಗಿ ಕೊಮೊಡೊಗೆ ಹೋದರು. ಜೊತೆಯಲ್ಲಿ ಪತ್ನಿ ಕ್ಯಾಥರೀನ್, ಸರೀಸೃಪಶಾಸ್ತ್ರಜ್ಞರಾದ ಎಮೆಟ್ ರೀಡ್ ಡನ್, ಇಂಡೊಚೀನಾದ ಫ್ರೆಂಚ್ ಬೇಟೆಗಾರ ದೆಫೋಸ್ ಮತ್ತು ಒಬ್ಬ ಚೀನೀ ಛಾಯಾಗ್ರಾಹಕ. ಹಿಂದಿರುಗುವಾಗ ತಂದುದು ಹನ್ನೆರಡು ಮೃತ ಪ್ರಾಣಿಗಳು, ಎರಡು ಜೀವಂತ ಪ್ರಾಣಿಗಳು. ಜೀವಂತವಾದ ಎರಡೂ ನ್ಯೂಯಾರ್ಕಿನ ಮೃಗಾಲಯದಲ್ಲಿ ಬಹುಕಾಲ ಬದುಕಲಿಲ್ಲ. ಗ್ರಂಥದ ಹೆಸರಿನಲ್ಲಿಯೇ ಡ್ರ್ಯಾಗನ್ ಇದೆ. ಇವರ ಕಥೆಯನ್ನು ಕೇಳಿದ ಮೇರಿಯನ್ ಕೂಪರ್ ಅವರು ೧೯೩೩ರ 'ಕಿಂಗ್ ಕಾಂಗ್' ಚಲನಚಿತ್ರಕ್ಕೆ ಅದರಿಂದ ಸ್ಫೂರ್ತಿ ಪಡೆದುದು ಈಗ ಸರ್ವವಿದಿತ.

ಬರ್ಡನ್ ಅವರ ಗ್ರಂಥವನ್ನು ಕೇವಲ ಬೇಟೆಗಾರನ ಬಡಾಯಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದರ ಉದ್ದ ಆರೇಳು ಮೀಟರು ಎಂದು ಹಬ್ಬಿದ್ದ ವದಂತಿಗೆ ತೆರೆ ಬಿದ್ದುದು ಈ ತಂಡವು ಅಳತೆಪಟ್ಟಿ ಹಿಡಿದ ಬಳಿಕವೇ. ೩ ಮೀಟರನ್ನು ಮೀರಿದ ಒಂದು ಪ್ರಾಣಿಯೂ ಅವರಿಗೆ ದೊರೆಯಲಿಲ್ಲ. ಅಳೆದ ಡನ್ ಅವರ ವರದಿ ಚಿಕ್ಕದು, ಶುಷ್ಕವಾದುದು, ನಂಬಲರ್ಹವಾದುದು. ವಿಚಿತ್ರವೆಂದರೆ, ಒಂದೇ ಯಾತ್ರೆಯಿಂದ ಹುಟ್ಟಿದ ಈ ಎರಡು ಬರಹಗಳಲ್ಲಿ ಪ್ರಾಣಿಯ ಗಾತ್ರವನ್ನು ತಗ್ಗಿಸಿದ ವರದಿಯನ್ನು ತಜ್ಞರು ಮಾತ್ರ ಓದಿದರು. ಪ್ರಾಣಿಯ ಭಯಂಕರತೆಯನ್ನು ಹೆಚ್ಚಿಸಿದ ಪುಸ್ತಕವನ್ನು ಎಲ್ಲರೂ ಓದಿದರು. ಕೆಲವು ವಾರಗಳ ಯಾತ್ರಿಕನಿಗೆ ಪ್ರಾಣಿಯು ಎರಡೇ ಅವಸ್ಥೆಗಳಲ್ಲಿ ಕಾಣುತ್ತದೆ: ಆಮಿಷದ ಬಳಿಗೆ ಬರುವಾಗ ಮತ್ತು ಗುಂಡು ತಗುಲಿದ ಮೇಲೆ. ಆ ಎರಡು ಕ್ಷಣಗಳ ನಡುವಣ ಬಾಳು, ಎಲ್ಲಿ ಮಲಗುತ್ತದೆ, ಏನು ತಿನ್ನದೆ ಎಷ್ಟು ದಿನ ಇರುತ್ತದೆ, ಮರಿಯಾಗಿದ್ದಾಗ ಎಲ್ಲಿತ್ತು ಎಂಬುದೆಲ್ಲ, ಪುಸ್ತಕದ ಹೊರಗೇ ಉಳಿಯುತ್ತದೆ. ಇದು ಲೇಖಕರ ಅಸಾಮರ್ಥ್ಯವಲ್ಲ, ಯಾತ್ರೆಯ ಸ್ವರೂಪದಲ್ಲಿಯೇ ಇರುವ ಮಿತಿ. ೧೯೫೬ರಲ್ಲಿ ಅಲ್ಲಿಗೆ ಹೋದ ಡೇವಿಡ್ ಅಟೆನ್‌ಬರೊ ಅವರ ವಿನೋದಶೀಲವಾದ ಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಸ್ವತಂತ್ರ ಇಂಡೊನೇಶಿಯದ ಸರ್ಕಾರವು ಪ್ರಾಣಿಯನ್ನು ಸಾಗಿಸಲು ಅನುಮತಿ ಕೊಡಲಿಲ್ಲ, ಬೋನಿಗೆ ಬಿದ್ದುದನ್ನು ಅವರು ಬಿಟ್ಟುಬರಬೇಕಾಯಿತು.

ಆಫೆನ್‌ಬರ್ಗ್ ಅವರ ಗ್ರಂಥಕ್ಕೆ ಬಂದಾಗ ನಾವು ಬೇರೊಂದು ಲೋಕವನ್ನು ಪ್ರವೇಶಿಸುತ್ತೇವೆ. ಫ್ಲೋರಿಡಾ ವಿಶ್ವವಿದ್ಯಾಲಯದ ಈ ವಿದ್ವಾಂಸರು ೧೯೬೯ರಲ್ಲಿ ಹೆಂಡತಿ ಮಕ್ಕಳೊಡನೆ ಕೊಮೊಡೊಗೆ ಹೋಗಿ ಹನ್ನೊಂದು ತಿಂಗಳು ಅಲ್ಲಿಯೇ ಸಂಸಾರ ಹೂಡಿದರು. ಇಂಡೊನೇಶಿಯದ ಪುತ್ರ ಸಸ್ತ್ರಾವಾನ್ ಅವರು ಅವರ ಸಹಾಯಕರಾಗಿದ್ದರು. ಇಬ್ಬರೂ ಸೇರಿ ಐವತ್ತಕ್ಕೂ ಹೆಚ್ಚು ಉಡಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟರು. 'ಕೊಮೊಡೊ ಉಡದ ವರ್ತನೆ ಮತ್ತು ಪರಿಸರ' ಎಂದು ಕನ್ನಡಿಸಬಹುದಾದ ಹೆಸರಿನ ಗ್ರಂಥವು ಹೊರಬಂದುದು ಮಾತ್ರ ೧೯೮೧ರಲ್ಲಿ. ಕ್ಷೇತ್ರದಲ್ಲಿ ಒಂದು ವರ್ಷ, ಮೇಜಿನ ಮುಂದೆ ಹತ್ತು ವರ್ಷ! ಇಂದಿನ ವಿಶ್ವವಿದ್ಯಾಲಯಗಳ ನಿಯಮಾವಳಿಯಲ್ಲಿ ಅಂಥ ವಿಳಂಬಕ್ಕೆ ಕ್ಷಮೆಯುಂಟೇ ಎಂಬುದು ಅನುಮಾನ. ಗಮನಿಸಬೇಕಾದುದೇನೆಂದರೆ, ಗ್ರಂಥದ ಹೆಸರಿನಲ್ಲಿ ಡ್ರ್ಯಾಗನ್ ಇಲ್ಲ. ಔವೆನ್ಸ್ ಅವರ ಉಡವು ಮರಳಿ ಬಂದಿದೆ.

ಈ ಗ್ರಂಥದ ಗುಣವು ಅದರ ತಾಳ್ಮೆಯಲ್ಲಿದೆ. ಕೊಮೊಡೊ ದ್ವೀಪದ ಭೂಮಿ ನಮಗೆ ತೀರ ಅಪರಿಚಿತವಾದುದಲ್ಲ: ವರ್ಷದ ಬಹುಭಾಗ ಒಣಗಿರುವ ಹುಲ್ಲುಗಾವಲು, ಅದರ ನಡುನಡುವೆ ತಾಳೆಮರಗಳು, ಕಣಿವೆಗಳಲ್ಲಿ ಹುಣಸೆಮರಗಳು ಸೇರಿದ ಎಲೆಯುದುರುವ ಕಾಡು. ಹೈದರಾಬಾದು ಕರ್ನಾಟಕದ ಸೀಮೆಯನ್ನು ಬಲ್ಲವರು ಆ ನೆಲವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಕಷ್ಟವಲ್ಲ. ಇಂಥಲ್ಲಿ ಉಡವು ದಿನದ ಯಾವ ಹೊತ್ತಿಗೆ ಬಿಲ ಬಿಟ್ಟು ಬಿಸಿಲಿಗೆ ಬರುತ್ತದೆ, ಯಾವಾಗ ನೆರಳಿಗೆ ಸರಿಯುತ್ತದೆ, ಜಿಂಕೆಯ ಜಾಡಿನ ಪಕ್ಕದಲ್ಲಿ ಎಷ್ಟು ಹೊತ್ತು ನಿಶ್ಚಲವಾಗಿ ಮಲಗಿರುತ್ತದೆ ಎಂಬುದನ್ನು ಆಫೆನ್‌ಬರ್ಗ್ ಅವರು ಗಳಿಗೆ ಗಳಿಗೆಗೆ ಬರೆದಿಟ್ಟಿದ್ದಾರೆ. ದೇಹದ ಉಷ್ಣತೆಯನ್ನು ರೇಡಿಯೊ ಪ್ರೇಷಕಗಳಿಂದ ಅಳೆದುದರ ಫಲವಾಗಿ, ದೊಡ್ಡ ಮೈಯುಳ್ಳ ಪ್ರಾಣಿಯು ಹಗಲಿನ ಬಿಸಿಯನ್ನು ಇರುಳಿನಲ್ಲಿಯೂ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆಂದು ತಿಳಿಯಿತು. ಈ ಒಂದು ಅಂಶವನ್ನು ಸಹೋದ್ಯೋಗಿ ಬ್ರಯನ್ ಮ್ಯಾಕ್‌ನ್ಯಾಬ್ ಅವರೊಡನೆ ೧೯೭೬ರಲ್ಲಿಯೇ ಬೇರೆಯಾಗಿ ಪ್ರಕಟಿಸಿದ್ದರು.

ಮರಿಗಳ ವಿಚಾರವು ಇಡೀ ಗ್ರಂಥದಲ್ಲಿ ನಮಗೆ ಅತ್ಯಂತ ಪ್ರಿಯವಾದ ಭಾಗ. ಮೊಟ್ಟೆಯೊಡೆದು ಹೊರಬಂದ ಮರಿಯು ನೆಲದಲ್ಲಿ ನಿಲ್ಲದೆ ಮರವೇರುತ್ತದೆ. ತೊಗಟೆಯ ಸಂದಿನ ಹಲ್ಲಿಗಳನ್ನೂ ಕೀಟಗಳನ್ನೂ ತಿನ್ನುತ್ತಾ ಮೊದಲ ಕೆಲವು ವರ್ಷಗಳನ್ನು ಅಲ್ಲಿಯೇ ಕಳೆಯುತ್ತದೆ. ಕಾರಣ, ಕೆಳಗಿರುವ ದೊಡ್ಡ ಉಡಗಳು ತಮ್ಮ ಜಾತಿಯ ಮರಿಗಳನ್ನು ಸಹ ತಿನ್ನುತ್ತವೆ. ಮೈ ಭಾರವಾಗಿ ಕೊಂಬೆ ತಾಳದಂತಾದ ಮೇಲೆ ನೆಲಕ್ಕೆ ಇಳಿಯುವ ಎಳೆಯ ಉಡವು ಹೆಣದ ಸುತ್ತ ನೆರೆದ ಹಿರಿಯರ ನಡುವೆ ಎಷ್ಟು ಅಂಜಿ ಅಂಜಿ ಬರುತ್ತದೆಂಬುದನ್ನು ಓದುವಾಗ, ಒಂದೇ ಜಾತಿಯ ಪ್ರಾಣಿಯು ತನ್ನ ಆಯುಸ್ಸಿನಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಂತೆ ಬದುಕುತ್ತದೆಂಬ ಅರಿವು ಮೂಡುತ್ತದೆ. ಹಾಗೆಯೇ ಮೊಟ್ಟೆಯ ವಿಚಾರ. ಎಲೆ ಮಣ್ಣುಗಳನ್ನು ದೊಡ್ಡ ಗುಡ್ಡೆಯಾಗಿ ಕೂಡಿಸಿ, ಅದರ ಕಾವಿನಲ್ಲಿಯೇ ಮೊಟ್ಟೆಗಳನ್ನು ಮರಿಮಾಡಿಸುವ ಒಂದು ಜಾತಿಯ ಕೋಳಿ ಈ ದ್ವೀಪಗಳಲ್ಲಿದೆ. ಹೆಣ್ಣು ಉಡವು ಆ ಗುಡ್ಡೆಯನ್ನು ಆಕ್ರಮಿಸಿಕೊಂಡು, ಸೆಪ್ಟೆಂಬರಿನ ಸುಮಾರಿಗೆ ಅದರಲ್ಲಿ ಇಪ್ಪತ್ತರಷ್ಟು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹೊರಬರುವುದು ಮಳೆಗಾಲ ಮುಗಿಯುವ ಏಪ್ರಿಲಿನ ವೇಳೆಗೆ. ಪಕ್ಷಿಯ ಶ್ರಮವಿಲ್ಲದಿದ್ದರೆ ಉಡದ ಸಂತಾನಕ್ಕೆ ಒಂದು ಮುಖ್ಯ ಆಸರೆ ತಪ್ಪುತ್ತದೆ. ಇಂಥ ಸಂಬಂಧವು ಕೆಲವು ವಾರಗಳ ಯಾತ್ರೆಯಲ್ಲಿ ಕಾಣಸಿಗುವುದಲ್ಲ.

ಆದರೆ ಕಂಡುದಕ್ಕೆ ಕಾರಣ ಹೇಳಹೊರಟಾಗ ಆಫೆನ್‌ಬರ್ಗ್ ಅವರು ಎಡವಿದರು. ಇಲ್ಲಿ ಎರಡು ಉದಾಹರಣೆಗಳನ್ನು ಕೊಟ್ಟರೆ ಸಾಕು. ಉಡದ ಕಡಿತಕ್ಕೆ ಸಿಕ್ಕಿ ತಪ್ಪಿಸಿಕೊಂಡ ಎಮ್ಮೆಯು ಕೆಲವು ದಿನಗಳಲ್ಲಿ ಗಾಯ ಕೀತು ಸಾಯುವುದನ್ನು ಅವರು ಗಮನಿಸಿದರು. ಉಡದ ಜೊಲ್ಲಿನಲ್ಲಿ ರೋಗಾಣುಗಳಿರುವುದನ್ನೂ ಕಂಡರು. ಎರಡನ್ನೂ ಜೋಡಿಸಿ, ಬಾಯಿಯ ರೋಗಾಣುಗಳೇ ಅದರ ಆಯುಧವಿರಬಹುದೆಂದು ಊಹಿಸಿದರು. ಅವರ ಗ್ರಂಥದಲ್ಲಿ ಊಹೆಯಾಗಿದ್ದುದು ಮುಂದಿನವರ ಬರಹಗಳಲ್ಲಿ ಸಿದ್ಧಾಂತವಾಯಿತು, ಪಠ್ಯಪುಸ್ತಕಗಳಲ್ಲಿ ನಿತ್ಯಸತ್ಯವಾಯಿತು. ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ಈ ಪ್ರಾಣಿಯ ವಿಷಯದಲ್ಲಿ ಬೇರೇನನ್ನು ಅರಿಯದಿದ್ದರೂ ಇದೊಂದನ್ನು ಖಚಿತವಾಗಿ ಬಲ್ಲರು! ೨೦೦೯ರಲ್ಲಿ ಬ್ರಯನ್ ಫ್ರೈ ಮತ್ತು ಸಹೋದ್ಯೋಗಿಗಳು ಇದರ ಕೆಳದವಡೆಯಲ್ಲಿ ವಿಷಗ್ರಂಥಿಗಳಿರುವುದನ್ನೂ, ಅವುಗಳ ಸ್ರಾವವು ರಕ್ತ ಹೆಪ್ಪುಗಟ್ಟುವುದನ್ನು ತಡೆದು ರಕ್ತದೊತ್ತಡವನ್ನು ಕುಗ್ಗಿಸುವುದನ್ನೂ ತೋರಿಸಿಕೊಟ್ಟರು. ೨೦೧೩ರಲ್ಲಿ ಮೃಗಾಲಯಗಳ ಉಡಗಳ ಬಾಯನ್ನು ಪರೀಕ್ಷಿಸಿದ ಎಲ್ಲಿ ಗೋಲ್ಡ್‌ಸ್ಟೀನ್ ಮೊದಲಾದವರಿಗೆ ಇತರ ಮಾಂಸಾಹಾರಿಗಳಲ್ಲಿ ಇಲ್ಲದ ಯಾವ ವಿಶೇಷ ರೋಗಾಣುವೂ ಸಿಗಲಿಲ್ಲ. ವಿಷದ ವಾದಕ್ಕೂ ಆಕ್ಷೇಪಗಳುಂಟು. ಗರಗಸದಂಥ ಹಲ್ಲುಗಳು ಮಾಡುವ ಗಾಯವೇ ಬೇಟೆಯನ್ನು ಕೊಲ್ಲಲು ಸಾಕೆಂದು ಹೇಳುವವರಿದ್ದಾರೆ. ಆ ಹಲ್ಲುಗಳ ಅಂಚಿಗೆ ಕಬ್ಬಿಣದ ಲೇಪವುಂಟೆಂಬುದು ೨೦೨೪ರಲ್ಲಿ ಗೊತ್ತಾಗಿದೆ.

ಎಮ್ಮೆಯು ಸತ್ತುದಾದರೂ ಏತರಿಂದ? ಗಾಯಗೊಂಡ ಎಮ್ಮೆಯು ಸಹಜವಾಗಿಯೇ ನೀರಿಗೆ ಓಡುತ್ತದೆ. ಸಗಣಿ ಕಲಸಿ ನಿಂತ ಆ ಕೊಳಕು ನೀರಿನಲ್ಲಿ ಗಾಯವು ಕೀಯುತ್ತದೆ ಎಂಬುದು ಫ್ರೈ ಅವರ ಉತ್ತರ. ಎಮ್ಮೆಯು ಆ ದ್ವೀಪಗಳ ಮೂಲಪ್ರಾಣಿಯಲ್ಲ, ಮನುಷ್ಯರು ಸಾಕಲು ತಂದುದು. ಎಂದರೆ ಆಫೆನ್‌ಬರ್ಗ್ ಅವರು ಕಂಡ ದೃಶ್ಯವು ನಿಜ, ಗಾಯ ನಿಜ, ಕೀವು ನಿಜ; ಆದರೆ ಅದನ್ನು ಅನಾದಿ ಪ್ರಕೃತಿಯ ದೃಶ್ಯವೆಂದು ಅವರು ಓದಿದರು. ಅದರೊಳಗೆ ದ್ವೀಪವಾಸಿಗಳ ಇತಿಹಾಸವು ಸೇರಿಕೊಂಡಿದ್ದುದು ಅವರ ಲೆಕ್ಕಕ್ಕೆ ಬರಲಿಲ್ಲ. ಈ ಮಾತಿಗೆ ಮುಂದೆ ಮರಳುತ್ತೇವೆ.

ಎರಡನೆಯದು ಗಾತ್ರದ ಸಮಸ್ಯೆ. ಇಷ್ಟು ದೊಡ್ಡ ಉಡವು ಇಷ್ಟು ಚಿಕ್ಕ ದ್ವೀಪಗಳಲ್ಲಿ ಏಕೆ? ಹಿಂದೆ ಫ್ಲೋರೆಸ್ಸಿನಲ್ಲಿದ್ದು ಅಳಿದುಹೋದ 'ಸ್ಟೆಗೊಡಾನ್' ಎಂಬ ಗಿಡ್ಡ ಆನೆಯನ್ನು ತಿನ್ನುವುದಕ್ಕಾಗಿಯೇ ಇದು ಬೆಳೆಯಿತೆಂಬ ಊಹೆಯನ್ನು ಅವರು ಮುಂದಿಟ್ಟರು. ೧೯೮೭ರಲ್ಲಿ ಜೇರೆಡ್ ಡೈಮಂಡ್ ಅವರು ಅದನ್ನು ಎತ್ತಿ ಹಿಡಿದುದರಿಂದ ಊಹೆಗೆ ಜನಪ್ರಿಯತೆ ಬಂದಿತು. ೨೦೦೯ರಲ್ಲಿ ಸ್ಕಾಟ್ ಹಾಕ್ನಲ್ ಮತ್ತು ಸಂಗಡಿಗರು ಆಸ್ಟ್ರೇಲಿಯದಲ್ಲಿ ದೊರೆತ ಬಹು ಪ್ರಾಚೀನ ಪಳೆಯುಳಿಕೆಗಳನ್ನು ಪರಿಶೀಲಿಸಿ, ಈ ಉಡವು ಆ ಖಂಡದಲ್ಲಿಯೇ ಇಷ್ಟು ದೊಡ್ಡದಾಗಿ ಬೆಳೆದು ಆಮೇಲೆ ದ್ವೀಪಗಳಿಗೆ ಬಂದಿತೆಂದು ತೋರಿಸಿದರು. ದ್ವೀಪವು ಇದನ್ನು ದೈತ್ಯವನ್ನಾಗಿ ಮಾಡಲಿಲ್ಲ. ಬೇರೆಡೆಗಳಲ್ಲಿ ಅಳಿದುಹೋದ ಪ್ರಾಣಿಯು ಇಲ್ಲಿ ಉಳಿದುಕೊಂಡಿತು, ಅಷ್ಟೆ.

ಇಷ್ಟಾದರೂ ಗ್ರಂಥದ ಬೆಲೆ ಕುಗ್ಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಊಹೆಗಳನ್ನು ಕಿತ್ತೆಸೆದ ಮೇಲೂ ವರ್ಣನೆಯು ಅಲುಗದೆ ನಿಂತಿದೆ. ಊಹೆಗಳನ್ನು ಕಿತ್ತೆಸೆಯಲು ಬಂದವರು ಕೂಡ ಆ ವರ್ಣನೆಯನ್ನೇ ಮೊದಲು ತೆರೆದು ನೋಡಬೇಕಾಯಿತು. ಅನಂತರ ಅವರು ನಮ್ಮ ನಾಡಿನ ಉಡವನ್ನೇ ವಿಷಯವಾಗಿ ತೆಗೆದುಕೊಂಡು ೧೯೯೪ರಲ್ಲಿ ಇನ್ನೊಂದು ಗ್ರಂಥವನ್ನು ಪ್ರಕಟಿಸಿದರು. ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಯನ್ನು ಪಡೆದಿದ್ದೂ ಚರ್ಮಕ್ಕೂ ಮಾಂಸಕ್ಕೂ ಇಂದಿಗೂ ಬಲಿಯಾಗುತ್ತಿರುವ ಆ ಪ್ರಾಣಿಯ ಮೇಲಣ ಈ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಕೊಮೊಡೊ ಗ್ರಂಥದ ಪಕ್ಕದಲ್ಲಿಟ್ಟುಕೊಂಡು ಓದತಕ್ಕದ್ದು.

ಒಂದು ವರ್ಷದ ವಾಸಕ್ಕೂ ಕಾಣದ ಸಂಗತಿಗಳಿವೆ. ಉಡವು ಹಲವು ವರ್ಷ ಬಾಳುವ ಪ್ರಾಣಿ. ಹನ್ನೊಂದು ತಿಂಗಳಲ್ಲಿ ಅದರ ದಿನಚರಿಯನ್ನು ತಿಳಿಯಬಹುದು, ಅದರ ಸಂತತಿಯು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ತಿಳಿಯಲಾಗದು. ಜೆಸಪ್, ಚೋಫಿ, ಪುರ್ವಂದನ, ಅರಿಫಿಯಾಂದಿ ಮೊದಲಾದವರ ಕೆಲಸವು ಆರಂಭವಾಗುವುದು ಇಲ್ಲಿಂದ. ಅವರು ಒಂದೆಡೆ ನೆಲಸಲಿಲ್ಲ. ವರ್ಷವರ್ಷವೂ ಅದೇ ಕಣಿವೆಗಳಿಗೆ ಮರಳಿ ಬಂದರು. ಬೋನಿನಲ್ಲಿ ಹಿಡಿದು, ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಉಪಕರಣವನ್ನು ಸೇರಿಸಿ, ಬಿಟ್ಟು, ಮುಂದಿನ ವರ್ಷ ಮತ್ತೆ ಹಿಡಿಯುವ ಕ್ರಮ. ಮುಂಚೂಣಿಯಲ್ಲಿರುವವರಲ್ಲಿ ಇಂಡೊನೇಶಿಯದ ವಿಜ್ಞಾನಿಗಳೂ ಇದ್ದಾರೆಂಬುದು ಸಸ್ತ್ರಾವಾನ್ ಅವರ ಕಾಲಕ್ಕೂ ಈ ಕಾಲಕ್ಕೂ ಇರುವ ದೊಡ್ಡ ವ್ಯತ್ಯಾಸ.

ಬರಹವಾಗಿ ನೋಡಿದರೆ ಈ ಲೇಖನಗಳು ನೀರಸ. ಅವುಗಳಲ್ಲಿ ಬಿಸಿಲಿಲ್ಲ, ದೋಣಿಯಿಲ್ಲ, ಬೇಸರವಿಲ್ಲ. 'ಹಿಡಿಯಲಾಯಿತು', 'ಅಳೆಯಲಾಯಿತು' ಎಂಬ ಕರ್ತೃವಿಲ್ಲದ ಕ್ರಿಯಾಪದಗಳ ಸಾಲುಸಾಲು ಮಾತ್ರ. ಆಫೆನ್‌ಬರ್ಗ್ ಅವರ ಪುಟಗಳಿಂದ ಬಂದ ಓದುಗನಿಗೆ ಊಟದ ಬದಲು ಅಡುಗೆಯ ಲೆಕ್ಕವನ್ನು ಬಡಿಸಿದಂತಾಗುತ್ತದೆ. ಆದರೆ ಆ ಲೆಕ್ಕ ಹೇಳುವ ಸಂಗತಿಯು ಬೇರೆ ಯಾರಿಂದಲೂ ತಿಳಿಯುವಂಥದಲ್ಲ. ಜಿಂಕೆಗಳು ದಟ್ಟವಾಗಿರುವ ದೊಡ್ಡ ದ್ವೀಪಗಳಲ್ಲಿ ಉಡಗಳು ದೊಡ್ಡವಾಗಿಯೂ, ಜಿಂಕೆಗಳು ವಿರಳವಾದ ಗಿಲಿ ಮೋತಾಂಗ್, ನೂಸಾ ಕೋಡೆಗಳಲ್ಲಿ ಚಿಕ್ಕವಾಗಿಯೂ ಇರುವುದನ್ನು ಅವರು ೨೦೦೬ರಲ್ಲಿ ತೋರಿಸಿದರು. ದೈತ್ಯವೆಂದು ಖ್ಯಾತಿವೆತ್ತ ಪ್ರಾಣಿಯ ಗಾತ್ರವು ಜಿಂಕೆಯ ಸಂಖ್ಯೆಯನ್ನು ಅವಲಂಬಿಸಿದೆ! ಅವರ ೨೦೧೪ರ ಲೇಖನದಲ್ಲಿ ಕೊಮೊಡೊ ಮತ್ತು ರಿಂಚಾ ದ್ವೀಪಗಳ ಸಂತತಿಯು ಬಹುಮಟ್ಟಿಗೆ ಸ್ಥಿರವಾಗಿಯೂ, ಚಿಕ್ಕ ದ್ವೀಪಗಳದು ಅಪಾಯಕ್ಕೆ ಹೆಚ್ಚು ಈಡಾಗಿಯೂ ಕಾಣುತ್ತದೆ. ಪಾದಾರ್ ಎಂಬ ನೆರೆಯ ದ್ವೀಪದಲ್ಲಿದ್ದ ಸಂತತಿಯು ಜಿಂಕೆಗಳ ಕಳ್ಳಬೇಟೆಯ ದೆಸೆಯಿಂದ ಹಿಂದಿನ ಶತಮಾನದ ಕೊನೆಯ ದಶಕಗಳಲ್ಲಿಯೇ ಅಳಿದುದನ್ನು ಇದರ ಜೊತೆಗೆ ನೆನೆಯಬೇಕು. ೨೦೧೮ರ ಲೇಖನದ ಫಲಿತಾಂಶವಂತೂ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಗುಡ್ಡವೇರಬಲ್ಲ, ನೀರಿನಲ್ಲಿ ಈಜಬಲ್ಲ ಈ ಪ್ರಾಣಿಯು ಸಾಧಾರಣವಾಗಿ ತಾನು ಹುಟ್ಟಿದ ಕಣಿವೆಯನ್ನು ಬಿಟ್ಟು ಹೋಗುವುದೇ ಇಲ್ಲ. ಬೇರೆಡೆಗೆ ಒಯ್ದು ಬಿಟ್ಟರೆ ನೆಲದ ದಾರಿಯಾದರೆ ಹುಡುಕಿಕೊಂಡು ಮರಳಿ ಬರುತ್ತದೆ. ಹೊರಗಿನಿಂದ ಹೊಸ ಪ್ರಾಣಿಗಳು ಬಂದು ಸೇರದ ಇಂಥ ಸಂತತಿಗೆ ಒಂದು ಕಣಿವೆಯಲ್ಲಿ ಕೇಡು ಬಂದರೆ ನೆರೆಯ ಕಣಿವೆಯಿಂದ ಪೂರೈಕೆಯಾಗುವ ಆಸೆಯಿಲ್ಲ. ಗಂಡಿನ ಸಂಪರ್ಕವಿಲ್ಲದೆಯೇ ಹೆಣ್ಣು ಮರಿಹಾಕಬಲ್ಲದೆಂದು ಇಂಗ್ಲೆಂಡಿನ ಎರಡು ಮೃಗಾಲಯಗಳಲ್ಲಿ ಕಂಡು ೨೦೦೬ರಲ್ಲಿ ಪ್ರಕಟವಾದಾಗ ಪತ್ರಿಕೆಗಳು ಬಹಳ ಸಂಭ್ರಮಪಟ್ಟುವು. ಆದರೆ ಹಾಗೆ ಹುಟ್ಟುವ ಮರಿಗಳೆಲ್ಲ ಗಂಡೇ. ಅದರಿಂದ ಚಿಕ್ಕ ದ್ವೀಪಗಳ ಕಷ್ಟವು ತೀರುವಂತಿಲ್ಲ. ೨೦೨೧ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಜಾತಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಉಷ್ಣತೆಯೂ ಸಮುದ್ರಮಟ್ಟವೂ ಏರುವುದರಿಂದ ಮುಂದಿನ ೪೫ ವರ್ಷಗಳಲ್ಲಿ ಇದರ ನೆಲೆಯು ಕನಿಷ್ಠ ಶೇಕಡ ೩೦ರಷ್ಟು ಕುಗ್ಗೀತೆಂಬುದು ಅವರ ಅಂದಾಜು.

ಇನ್ನು ಹಿಂದೆ ಬಿಟ್ಟ ಮಾತಿಗೆ ಬರೋಣ. ಎಮ್ಮೆಯನ್ನು ತಂದವರು ಮನುಷ್ಯರು. ಜಿಂಕೆಯನ್ನು ಕೂಡ ಪ್ರಾಚೀನ ಕಾಲದಲ್ಲಿ ಮನುಷ್ಯರೇ ಈ ದ್ವೀಪಗಳಿಗೆ ತಂದರೆಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ಹುಣಸೆಮರವೂ ಹೊರಗಿನಿಂದ ಬಂದುದೇ. ಹಾಗಿದ್ದ ಮೇಲೆ ಇಂದಿನ ಉಡದ ಅನ್ನ, ನೆರಳುಗಳ ಬಹುಭಾಗವು ಮನುಷ್ಯನ ಕೈಯಿಂದ ಬಂದುದೆಂದಾಯಿತು. ಕೊಮೊಡೊ ದ್ವೀಪದ ಜನ ತಮ್ಮನ್ನು 'ಅತಾ ಮೋದೊ' ಎಂದು ಕರೆದುಕೊಳ್ಳುತ್ತಾರೆ; ಉಡಕ್ಕೆ ಅವರ ಮಾತಿನಲ್ಲಿ 'ಓರಾ' ಎಂದು ಹೆಸರು. ಅವರಲ್ಲಿ ಒಂದು ಕಥೆಯುಂಟು. ನಾಗರಾಜಕುಮಾರಿಯೆಂಬ ಒಬ್ಬ ಸ್ತ್ರೀಗೆ ಅವಳಿ ಮಕ್ಕಳಾದುವು, ಒಂದು ಗಂಡು ಕೂಸು, ಇನ್ನೊಂದು ಹೆಣ್ಣು ಉಡ. ಇಬ್ಬರೂ ಅಗಲಿ ಬೆಳೆದರು. ಮುಂದೊಂದು ದಿನ ಕಾಡಿನಲ್ಲಿ ಜಿಂಕೆಯನ್ನು ಕೊಂದ ಯುವಕನು ಅದಕ್ಕಾಗಿ ಬಂದ ಉಡದ ಮೇಲೆ ಈಟಿಯೆತ್ತಿದಾಗ, ತಾಯಿ ಕಾಣಿಸಿಕೊಂಡು ಅದು ನಿನ್ನ ಒಡಹುಟ್ಟೆಂದು ತಿಳಿಸಿದಳು. ಕಥೆಯ ಜಗಳವು ಜಿಂಕೆಯ ಮಾಂಸಕ್ಕಾಗಿ ನಡೆಯುವುದೆಂಬುದನ್ನು ವಾಚಕರು ಗಮನಿಸಬೇಕು. ೨೦೦೬ರ ಲೇಖನವು ಅಂಕಿಗಳಲ್ಲಿ ಹೇಳಿದುದೂ ಜಿಂಕೆಯ ವಿಚಾರವನ್ನೇ! ದ್ವೀಪದ ಭೂಮಿ, ಜನ, ಭಾಷೆಗಳನ್ನು ಕುರಿತು ಡಚ್ ಪಾದ್ರಿ ವೆರ್ಹೈಯನ್ ಅವರು ಬರೆದ ಗ್ರಂಥವು ಆಫೆನ್‌ಬರ್ಗ್ ಅವರ ಗ್ರಂಥ ಬಂದ ಮರುವರ್ಷ, ೧೯೮೨ರಲ್ಲಿ, ಪ್ರಕಟವಾಯಿತು. ಎರಡೂ ಒಂದೇ ಚಿಕ್ಕ ದ್ವೀಪದ ಮೇಲಣ ಗ್ರಂಥಗಳು. ಎರಡನ್ನೂ ಬೇರೆ ಬೇರೆ ವಿಭಾಗದವರು ಓದುತ್ತಾರೆ.

ಆಫೆನ್‌ಬರ್ಗ್ ಅವರು ದ್ವೀಪವಾಸಿಗಳನ್ನು ಮರೆತರೆಂದು ನಾವು ಹೇಳುತ್ತಿಲ್ಲ. ಆದರೆ ಅವರ ಗ್ರಂಥದಲ್ಲಿ ಮನುಷ್ಯನು ಬರುವುದು ಹೆಚ್ಚಾಗಿ ಉಡದ ಆಕ್ರಮಣಕ್ಕೆ ತುತ್ತಾದವನಾಗಿ ಅಥವಾ ಉಡಕ್ಕೆ ಅಡಚಣೆ ಮಾಡುವವನಾಗಿ. ಅದರ ಪರಿಸರದ ಒಂದು ಅಂಗವಾಗಿ ಅಲ್ಲ. ಅನಂತರದ ಲೇಖನಗಳಲ್ಲಿ ಅವನು ಇನ್ನೂ ಸಣ್ಣವನಾಗಿ, ಕೋಷ್ಟಕದ ಒಂದು ಅಂಕಣವಾಗುತ್ತಾನೆ. ಇದರಿಂದ ಏನಾಯಿತು? ೧೯೮೦ರಲ್ಲಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. ೧೯೯೧ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಗೆ ಸೇರಿಸಿತು. ಜಿಂಕೆಯ ಬೇಟೆ ನಿಂತಿತು; ಅದು ಆಗಬೇಕಾದುದೇ, ಪಾದಾರ್ ದ್ವೀಪವೇ ಸಾಕ್ಷಿ. ಆದರೆ ಬೇಟೆಯಾಡಿದಾಗ ಉಡಕ್ಕೆ ಪಾಲು ಬಿಡುತ್ತಿದ್ದೆವೆಂದು ದ್ವೀಪದ ಹಿರಿಯರು ಹೇಳುವ ರೂಢಿಯೂ ಅದರೊಡನೆ ನಿಂತಿತು. ಆ ಕಾಲದಲ್ಲಿಯೇ ಪ್ರವಾಸಿಗಳ ನೋಟಕ್ಕಾಗಿ ಉಡಗಳಿಗೆ ಆಡುಗಳನ್ನು ಹಾಕುವ ಪದ್ಧತಿಯು ಬೆಳೆದು ೧೯೯೪ರವರೆಗೆ ನಡೆಯಿತು. ಊರವರ ಪಾಲು ತಪ್ಪು, ಪ್ರವಾಸಿಯ ಆಡು ಸರಿ ಎಂಬ ಈ ನ್ಯಾಯಕ್ಕೆ ಯಾವ ಕ್ಷೇತ್ರಾಧ್ಯಯನದಲ್ಲಿಯೂ ಆಧಾರ ನಮಗೆ ಸಿಕ್ಕಲಿಲ್ಲ. ೨೦೦೭ರಲ್ಲಿ ಕೊಮೊಡೊ ದ್ವೀಪದಲ್ಲಿ ಎಂಟು ವರ್ಷದ ಬಾಲಕನೊಬ್ಬನು ಉಡದ ಬಾಯಿಗೆ ಸಿಕ್ಕಿ ಸತ್ತಾಗ, ಒಡಹುಟ್ಟಿಗೆ ಊಟ ತಪ್ಪಿಸಿದುದರ ಫಲವಿದೆಂದು ಹಲವರು ಆಡಿಕೊಂಡರು. ಆ ಕಾರಣವನ್ನು ನಾವು ಒಪ್ಪಬೇಕಾಗಿಲ್ಲ. ಒಂದು ಘಟನೆಯಿಂದ ಕಾರಣವನ್ನು ಕಟ್ಟುವುದು ಎಮ್ಮೆಯ ಗಾಯದಿಂದ ರೋಗಾಣುವಾದವನ್ನು ಕಟ್ಟಿದಷ್ಟೇ ದುರ್ಬಲ. ಆದರೆ ಅದೂ ಒಂದು ಊಹೆ. ವಿದ್ವಾಂಸರ ಊಹೆಗೆ ಇಪ್ಪತ್ತೆಂಟು ವರ್ಷಗಳ ಕಾಲ ಪಠ್ಯಪುಸ್ತಕದಲ್ಲಿ ಎಡೆ ದೊರೆಯಿತು. ಈ ಊಹೆಯನ್ನು ಪರೀಕ್ಷಿಸುವಷ್ಟು ಗೌರವವನ್ನಾದರೂ ಕೊಡಬಹುದಾಗಿತ್ತು.

೨೦೧೯ರಲ್ಲಿ ಪ್ರಾಂತದ ಗವರ್ನರರು ಕೊಮೊಡೊ ದ್ವೀಪವನ್ನು ಮುಂದಿನ ವರ್ಷದಿಂದ ಮುಚ್ಚುವುದಾಗಿಯೂ, ಅಲ್ಲಿಯ ಸುಮಾರು ಎರಡು ಸಾವಿರ ನಿವಾಸಿಗಳನ್ನು ಬೇರೆಡೆಗೆ ಸಾಗಿಸುವುದಾಗಿಯೂ ಪ್ರಕಟಿಸಿದರು. ಉಡದ ನೆಲದಲ್ಲಿ ಉಡ ಮಾತ್ರ ಇರಬೇಕೆಂಬುದು ಅದರ ತಾತ್ಪರ್ಯ. ದ್ವೀಪವಾಸಿಗಳು ಪ್ರತಿಭಟಿಸಿದರು, ಅದೇ ವರ್ಷದ ಕೊನೆಯ ಭಾಗದಲ್ಲಿ ಕೇಂದ್ರ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. ಆ ಯೋಜನೆಯನ್ನು ಸಮರ್ಥಿಸುವ ವಾಕ್ಯವು ಆಫೆನ್‌ಬರ್ಗ್ ಅವರಲ್ಲಾಗಲಿ ಜೆಸಪ್ ಮೊದಲಾದವರಲ್ಲಾಗಲಿ ಇಲ್ಲ. ಆದರೆ ಅದನ್ನು ತಡೆಯುವ ವಾಕ್ಯವೂ ಇಲ್ಲ. ಎಮ್ಮೆ, ಜಿಂಕೆ, ಹುಣಸೆಗಳ ಮೂಲಕ ಈ ಜನ ಉಡದ ಬಾಳಿನಲ್ಲಿ ಎಷ್ಟು ಆಳವಾಗಿ ಸೇರಿದ್ದಾರೆ, ಅವರನ್ನು ತೆಗೆದರೆ ಜಿಂಕೆಗಳಿಗೂ ಹುಲ್ಲುಗಾವಲಿನ ಬೆಂಕಿಗೂ ಕಳ್ಳಬೇಟೆಗಾರರ ಕಾವಲಿಗೂ ಏನಾದೀತು ಎಂಬ ಅಧ್ಯಾಯವನ್ನು ಇನ್ನೂ ಯಾರೂ ಬರೆಯಬೇಕಾಗಿದೆ. ಅದಕ್ಕೆ ಹನ್ನೊಂದು ತಿಂಗಳ ವಾಸವೂ ಬೇಕು, ಹತ್ತು ವರ್ಷಗಳ ಮರುಭೇಟಿಯೂ ಬೇಕು. ಓರಾ ಎಂಬ ಶಬ್ದವಿರುವ ಭಾಷೆಯನ್ನು ಕಲಿಯುವುದೂ ಬೇಕು.

ಕನ್ನಡದಲ್ಲಿ ಈ ಪ್ರಾಣಿಯ ವಿಷಯವಾಗಿ ಬರೆಯುವವರು 'ಕೊಮೊಡೊ ಡ್ರ್ಯಾಗನ್' ಎಂಬ ಹೆಸರನ್ನೇ ಹಿಡಿದಿದ್ದಾರೆ. ಅದು ಬರ್ಡನ್ ಅವರು ಅಂಗಡಿಗೆ ಕಟ್ಟಿದ ಹಲಗೆ. ಔವೆನ್ಸ್ ಮತ್ತು ಆಫೆನ್‌ಬರ್ಗ್ ಇಬ್ಬರೂ ಒಪ್ಪುವಂತೆ, ಹೊಲದ ಬದುವಿನಲ್ಲಿ ನಾವು ಕಾಣುವ ಪ್ರಾಣಿಯ ನೆಂಟನೆಂದು ಮೊದಲ ನೋಟಕ್ಕೇ ತಿಳಿಯುವಂತೆ, ಇನ್ನು ಮೇಲೆ ನಮ್ಮ ವಿಭಾಗದ ಪ್ರಕಟಣೆಗಳಲ್ಲಾದರೂ ಇದನ್ನು 'ಕೊಮೊಡೊ ಉಡ' ಎಂದು ಬರೆಯಬೇಕೆಂದು ಸೂಚಿಸುತ್ತೇವೆ.